ಪೇಶ್ಕಾರ್ ಸಾಹೇಬರ ಫುಟ್‌ಬಾಲ್ ಕ್ಲಬ್ಬು

ಪೇಶ್ಕಾರರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಬೇಕೆಂದು ಕೂತಿದ್ದೇನೆ. ಒಂದನ್ನು ಈಗಲೇ ಹೇಳಿಬಿಡುತ್ತೇನೆ: ಅವರು ಹೇಳಿದ ಹೊತ್ತಿಗೆ ಬರುತ್ತಿದ್ದರು. ಉಳಿದ ಮೂರನ್ನು ಬರೆಯುತ್ತಾ ಹುಡುಕಬೇಕು.

ನಿಜಾಮರ ಕಾಲದ ಕಲಬುರ್ಗಿಯಲ್ಲಿ, ಜಿಲ್ಲೆಯ ದೊಡ್ಡ ಸಾಹೇಬರ ಕಚೇರಿಯಲ್ಲಿ ಅವರು ಪೇಶ್ಕಾರರಾಗಿದ್ದರು. ಅಂದರೆ ಸಾಹೇಬರ ಮುಂದೆ ಕಾಗದ ಇಡುವವರು, ಸಹಿಯಾದ ಮೇಲೆ ಅದನ್ನು ಎತ್ತಿಕೊಳ್ಳುವವರು. ಈ ಇಡುವುದು ಎತ್ತುವುದರ ಮೇಲೆಯೇ ಇಡೀ ರಾಜ್ಯ ನಿಂತಿದೆ ಎಂದು ಅವರು ಮನಸಾರೆ ನಂಬಿದ್ದರು. ಹಣೆಗೆ ಢಾಳಾಗಿ ವಿಭೂತಿ, ಅದರ ಮೇಲೆ ಕಪ್ಪು ಗೊಂಡೆಯ ಕೆಂಪು ರೂಮಿ ಟೋಪಿ, ಕೊರಳವರೆಗೂ ಗುಂಡಿ ಹಾಕಿದ ಶೇರವಾನಿ, ಕೈಯಲ್ಲಿ ಬೆತ್ತ. ಅವರ ಉರ್ದು ಎಷ್ಟು ಭಾರವಾಗಿತ್ತೆಂದರೆ ಹುಟ್ಟಿದಾಗಿನಿಂದ ಉರ್ದು ಮಾತಾಡಿದವರೇ ಬಜಾರಿನಲ್ಲಿ ನಮ್ಮನ್ನು ಬದಿಗೆ ಕರೆದು, "ಕ್ಯಾ ಬೋಲೇ ರೇ ಪೇಶ್ಕಾರ್ ಸಾಬ್?" ಎಂದು ಕೇಳುತ್ತಿದ್ದರು. ನಮಗೂ ಗೊತ್ತಿರುತ್ತಿರಲಿಲ್ಲ.

ಇಂಥವರು ಕಲಬುರ್ಗಿಯ ಹುಡುಗರಿಗೆ ಫುಟ್‌ಬಾಲ್ ಕಲಿಸಲು ಮುಂದಾದದ್ದು ಹೇಗೆಂದರೆ, ಒಮ್ಮೆ ಕಚೇರಿ ಕೆಲಸದ ಮೇಲೆ ಸಿಕಂದರಾಬಾದಿಗೆ ಹೋಗಿದ್ದಾಗ ಅಲ್ಲಿ ಗೋರಾ ಸೋಲ್ಜರರು ಆಡುವುದನ್ನು ನೋಡಿಬಂದರು. ಬರುವಾಗ ಒಂದು ಚೆಂಡು, ಒಂದು ಸೀಟಿ ತಂದರು. ನಿಯಮಗಳನ್ನೂ ತಂದರು, ಆದರೆ ಅರ್ಧ. ಯಾಕೆಂದರೆ ಅವರ ಟಾಂಗಾ ತಡವಾಗಿ ಮುಟ್ಟಿ ಅವರು ನೋಡಿದ್ದು ಆಟದ ಎರಡನೆಯ ಭಾಗ ಮಾತ್ರ. ಹೀಗಾಗಿ ನಡುವೆ ಎರಡೂ ಕಡೆಯವರು ಜಾಗ ಅದಲುಬದಲು ಮಾಡಿಕೊಳ್ಳುತ್ತಾರೆ ಎಂಬ ಸಂಗತಿ ನಮ್ಮ ಕ್ಲಬ್ಬಿಗೆ ಒಂದು ವರ್ಷವಾದರೂ ಗೊತ್ತಿರಲಿಲ್ಲ. ಗೋಲ್‌ಕೀಪರನಾದ ನಾನು ಪಶ್ಚಿಮಕ್ಕೆ ಮುಖಮಾಡಿ, ಮುಳುಗುವ ಸೂರ್ಯನನ್ನು ಆಟ ಮುಗಿಯುವ ತನಕ ಕಣ್ಣಲ್ಲಿ ತುಂಬಿಕೊಂಡು ನಿಲ್ಲುತ್ತಿದ್ದೆ. ಕೊನೆಗೆ ರೇಲ್ವೆಯ ಒಬ್ಬ ಗಾರ್ಡ್ ಆಟ ನೋಡುತ್ತಾ ನಿಂತವನು ಈ ತಪ್ಪನ್ನು ತಿಳಿಸಿದ. ಪೇಶ್ಕಾರರು ಅವನನ್ನು ಮೇಲಿಂದ ಕೆಳಗೆ ನೋಡಿ, "ಅದು ಸಿಕಂದರಾಬಾದಿನ ರಿವಾಜ್ ಇರಬೇಕ್ರಿ. ಇದು ಕಲಬುರ್ಗಿ" ಎಂದರು. ಮರುದಿನದಿಂದ ಜಾಗ ಬದಲಾಯಿಸಿ ಆಡಿಸತೊಡಗಿದರು. ಮೊದಲಿಂದಲೂ ಹಾಗೇ ಇತ್ತು ಎಂಬಂತೆ ಸೀಟಿ ಊದಿದರು.

ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಅವರ ಹೆಂಡತಿಯೇ ನನ್ನ ಅವ್ವನ ಮುಂದೆ ಹೇಳಿದ್ದರು: "ನಮ್ಮನಿಯವರು ತಪ್ಪು ಮಾಡಂಗಿಲ್ರೀ ಯಕ್ಕಾ. ತಪ್ಪು ತಾನೇ ಬಂದು ಅವರ ಕೈಯಾಗ ಕುಂತಿರ್ತದ." ಒಮ್ಮೆ ಅವರೇ ಮುಂದೆ ನಿಂತು ಹೊಲಿಸಿದ ಚೆಂಡು ಬದನೆಕಾಯಿ ಹಾಗೆ ಬಂತು. ಒದ್ದರೆ ಒಂದು ಕಡೆ, ಹೋಗುವುದು ಇನ್ನೊಂದು ಕಡೆ. "ಇದರಾಗ ಕಲತವ ಯಾವ ಚೆಂಡಾದ್ರೂ ಆಡ್ತಾನ" ಎಂದು ಅದನ್ನೇ ಒಂದು ಮಳೆಗಾಲ ಆಡಿಸಿದರು.

ಅವರು ಸ್ವತಃ ಚೆಂಡನ್ನು ಮುಟ್ಟುತ್ತಿರಲಿಲ್ಲ. ಅದು ತೊಗಲು. ಅವರ ಮನೆಯಲ್ಲಿ ಚೆಂಡಿಗೆ ಚಪ್ಪಲಿಯ ಜಾಗವೇ, ಹೊಸ್ತಿಲಿನ ಹೊರಗೆ. ಸಂಜೆ ಅದನ್ನು ಬೆತ್ತದಿಂದ ತಳ್ಳಿಕೊಂಡು ನಿಜಾಮರು ಬಂದರೆ ಇಳಿಯುವ ಐವಾನ್-ಎ-ಶಾಹಿ ಬಂಗಲೆಯ ಹತ್ತಿರದ ಬಯಲಿನವರೆಗೆ ಬರುತ್ತಿದ್ದರು. ದಾರಿಯಲ್ಲಿ ಸಲಾಮು ಮಾಡಿದವರಿಗೆ ನಿಂತು ಸಲಾಮು ತಿರುಗಿಸುವಷ್ಟರಲ್ಲಿ ಚೆಂಡು ಗಟಾರಕ್ಕೆ ಇಳಿದಿರುತ್ತಿತ್ತು. ಅದನ್ನು ಎತ್ತಲು ನಾವಿದ್ದೆವಲ್ಲ.

ಇಷ್ಟಾದರೂ ಒಂದು ವಿಷಯದಲ್ಲಿ ಅವರನ್ನು ಮೀರಿಸಿದ ಗುರುವನ್ನು ನಾನು ಕಂಡಿಲ್ಲ. ಆಫ್‌ಸೈಡ್ ಎಂದರೆ ಏನು ಎಂದು ಹುಡುಗರಿಗೆ ತಿಳಿಹೇಳುವುದು ಎಷ್ಟು ಕಷ್ಟವೆಂದು ಆಡಿದವರಿಗೆ ಗೊತ್ತು. ಪೇಶ್ಕಾರರು ಬೆತ್ತದಿಂದ ನೆಲದ ಮೇಲೆ ಒಂದು ಗೆರೆ ಎಳೆದು ಹೇಳಿದರು: "ಇದು ಪಂಗ್ತಿ ಅಂತ ತಿಳೀರಿ. ಮನಿಯವರು ಇನ್ನಾ ಊಟಕ್ಕ ಏಳ್ರಿ ಅಂದಿಲ್ಲ. ನೀ ಮೊದಲs ಹೋಗಿ ಎಲಿ ಮುಂದ ಕುಂತು ಹೋಳಿಗಿ ದಾರಿ ಕಾಯಾಕತ್ತೀದಿ. ಅದಕ್ಕ ಏನಂತಾರ?"

"ಬೇಅದಬಿ ಅಂತಾರ್ರೀ."

"ಅದs ಆಫ್‌ಸೈಡ್."

ಆಮೇಲೆ ಯಾರಿಗೂ ಸಂಶಯ ಬರಲಿಲ್ಲ. ಅವರು ಸೀಟಿ ಊದಿ "ಊಟಕ್ಕ ಮೊದಲs ಕುಂತ್ಯಾ!" ಎಂದು ಕೂಗಿದರೆ ನಮ್ಮ ಸೆಂಟರ್ ಫಾರ್ವರ್ಡ್ ಶರಣಪ್ಪನಂಥವನೂ ನಾಚಿಕೊಂಡು ಹಿಂದೆ ಬರುತ್ತಿದ್ದ. ಶರಣಪ್ಪ ದಾಲ್ ಮಿಲ್ಲಿನವರ ಮಗ. ಕಾಲಲ್ಲಿ ಶಕ್ತಿಯಿತ್ತು, ಬಾಯಲ್ಲಿ ಅದಕ್ಕಿಂತ ಹೆಚ್ಚು. ನಮ್ಮ ಕ್ಲಬ್ಬಿಗೆ ರೆಫರಿಯೂ ಪೇಶ್ಕಾರರೇ, ಮಾಸ್ತರರೂ ಅವರೇ, ಅಧ್ಯಕ್ಷರೂ ಅವರೇ. ಬೇರೆ ಯಾರಾದರೂ ರೆಫರಿ ಆಗಬಹುದೆಂಬ ವಿಚಾರ ಅವರ ತಲೆಗೆ ಬಂದಿರಲಿಲ್ಲ. ನಮ್ಮ ತಲೆಗೆ ಬಂದಿತ್ತು, ಹೇಳಲು ಧೈರ್ಯವಿರಲಿಲ್ಲ.

ಇಂಥ ಕ್ಲಬ್ಬಿಗೆ ಕಮಲಾಪುರದಿಂದ ಕರೆ ಬಂತು. ಅಲ್ಲಿಯ ಗೌಡರ ತಮ್ಮನ ಮಗ ಹೈದರಾಬಾದಿನಲ್ಲಿ ಓದಿ ಬಂದು ಊರ ಹುಡುಗರನ್ನು ಕೂಡಿಸಿ ಆಡಿಸುತ್ತಿದ್ದ. ನಾವು ಹುಮನಾಬಾದ್ ಕಡೆ ಹೋಗುವ ಮೋಟಾರು ಹತ್ತಿ ಹೊರಟೆವು. ಪೇಶ್ಕಾರರು ಡ್ರೈವರನ ಪಕ್ಕ ಕೂತು ಅವನಿಗೆ ದಾರಿಯುದ್ದಕ್ಕೂ ದಾರಿ ಹೇಳಿದರು. ಆ ರಸ್ತೆ ಎಲ್ಲೂ ಕವಲೊಡೆಯುವುದಿಲ್ಲ ಎಂಬುದು ಬೇರೆ ಮಾತು.

ಕಮಲಾಪುರದವರು ನಮ್ಮನ್ನು ನಡೆಸಿಕೊಂಡ ರೀತಿ ನೋಡಿದರೆ ಹೆಣ್ಣು ನೋಡಲು ಬಂದ ಬೀಗರಿಗೂ ಹಾಗೆ ಮಾಡುತ್ತಿರಲಿಲ್ಲ. ಕಾಲಿಗೆ ನೀರು, ಕೂಡಲು ಜಮಖಾನೆ. ಊಟಕ್ಕೆ ಹೋಳಿಗೆ, ಅದರ ಮೇಲೆ ತುಪ್ಪ, ಅದು ಇಳಿಯಲು ಹಾಲು, ಕೊನೆಗೆ ಆ ಊರಿನ ಕೆಂಪು ಬಾಳೆಹಣ್ಣು. "ಇನ್ನೊಂದು, ಇನ್ನೊಂದು" ಎಂದು ಗೌಡರು ತಾವೇ ಬಡಿಸಿದರು. ಹಿರಿಯ ಜೀವ, ಬಿಳಿ ಮೀಸೆ, ದೊಡ್ಡ ರುಮಾಲು. ಉಂಡು ಎದ್ದಾಗ ನಮ್ಮ ಹನ್ನೊಂದು ಜನರಿಗೂ ಬೇಕಾಗಿದ್ದದ್ದು ಮೈದಾನವಲ್ಲ, ಹಾಸಿಗೆ. ಆದರೂ ನಾವು ಐದು ಗೋಲು ಹೊಡೆದೆವು. ಅದರಲ್ಲಿ ಶರಣಪ್ಪನವೇ ಮೂರು. ಎದುರಿನವರಿಗೆ ಒಂದೂ ಇಲ್ಲ.

ನನ್ನ ಕೀರ್ತಿ ಅಂದು ಮುಗಿಲು ಮುಟ್ಟಿತ್ತು. ಅವರ ಫಾರ್ವರ್ಡುಗಳು ನಮ್ಮ ಹುಡುಗರನ್ನು ದಾಟಿಕೊಂಡು ಗಾಳಿಯಂತೆ ಬರುವರು. ನನ್ನ ಹತ್ತಿರ ಬಂದೊಡನೆ ಚೆಂಡನ್ನು ಮೆಲ್ಲಗೆ ನನ್ನ ಕೈಗೆ ಒದ್ದು ಹಿಂತಿರುಗುವರು. ನನ್ನನ್ನು ನೋಡಿಯೇ ಅವರಿಗೆ ಕಾಲು ನಡುಗುತ್ತಿದೆ ಎಂದು ನಾನು ತಿಳಿದೆ. ನಾವು ಗೋಲು ಹೊಡೆದಾಗಲೆಲ್ಲ ಗೌಡರು ಕಟ್ಟೆಯ ಮೇಲೆ ಕೂತು ಸಂತೋಷದಿಂದ ಚಪ್ಪಾಳೆ ತಟ್ಟುತ್ತಿದ್ದರು. ಎಂಥ ದೊಡ್ಡ ಮನಸ್ಸು ಎಂದು ಪೇಶ್ಕಾರರು ಮೆಚ್ಚಿದರು. ಬೀಳ್ಕೊಡುವಾಗ ಗೌಡರು ಅವರ ಹೆಗಲಿಗೆ ಒಂದು ಶಲ್ಯ ಹೊದಿಸಿ ಕೇಳಿದರು: "ಮುಯ್ಯ ಬರೋಬ್ಬರಿ ಮುಟ್ಟಿತಲ್ರೀ?"

"ಮುಟ್ಟಿತು, ಮುಟ್ಟಿತು. ನೀವೂ ನಮ್ಮೂರಿಗೆ ಬರ್ರಿ. ತಿರುಗಿಸದೇ ಬಿಡಂಗಿಲ್ಲ" ಎಂದು ಪೇಶ್ಕಾರರು ಶಲ್ಯದ ಅಂಚು ಸವರಿ ನೋಡುತ್ತಾ ಹೇಳಿದರು.

ನಮ್ಮ ಕಡೆ ಮುಯ್ಯಿ ಎಂದರೆ ಎಲ್ಲರಿಗೂ ಗೊತ್ತು. ಮದುವೆಯಲ್ಲಿ ಒಬ್ಬರು ಉಡುಗೊರೆ ಮಾಡಿದರೆ, ಅವರ ಮನೆಯ ಕಾರ್ಯದಲ್ಲಿ ನಾವು ಅದನ್ನು ತಿರುಗಿಸಬೇಕು. ಅಷ್ಟಕ್ಕಷ್ಟೇ ಕೊಟ್ಟರೆ ವ್ಯವಹಾರ ಮುಗಿಸಿಕೊಂಡ ಹಾಗೆ, ಅದು ಒರಟುತನ. ಸ್ವಲ್ಪ ಹೆಚ್ಚು ಮಾಡಿ ಕೊಡಬೇಕು. ಆಗಲೇ ನಂಟು ಮುಂದುವರಿಯುತ್ತದೆ.

ಕಲಬುರ್ಗಿಗೆ ಮರಳಿದ ಮೇಲೆ ಪೇಶ್ಕಾರರ ಬೆತ್ತ ನೆಲಕ್ಕೆ ಊರಲಿಲ್ಲ. ಐದು ಗೋಲಿನ ಸಮಾಚಾರ ಕಚೇರಿಯಲ್ಲಿ ಕಾಗದಗಳ ಜೊತೆಗೇ ಸಾಹೇಬರ ಮೇಜಿಗೆ ಹೋಯಿತು. ಅದಕ್ಕೆ ಕಾರಣವೂ ಇತ್ತು. ನಾವು ಆಡುತ್ತಿದ್ದ ಬಯಲು ಸರಕಾರದ್ದು. ದೊಡ್ಡ ಮಂದಿ ಬಂದಾಗ ಅವರ ಮೋಟಾರು ನಿಲ್ಲಿಸಲು ಅಲ್ಲಿ ಶೆಡ್ಡು ಕಟ್ಟಬೇಕೆಂಬ ಮಾತು ಎದ್ದಿತ್ತು. ಪೇಶ್ಕಾರರು ತಿಂಗಳುಗಟ್ಟಲೆ ಸಾಹೇಬರ ಬೆನ್ನು ಹತ್ತಿ, ಬಯಲು ಹುಡುಗರಿಗೇ ಇರಲಿ ಎಂದು ಬೇಡಿಕೊಂಡಿದ್ದರು. ಕೊನೆಗೆ ಸಾಹೇಬರು, "ಕಮಲಾಪುರದವರು ಬರಲಿ, ನಾನೇ ಬಂದು ಆಟ ನೋಡುತ್ತೇನೆ. ನಿನ್ನ ಹುಡುಗರು ನೀನು ಹೇಳಿದಷ್ಟು ಗಟ್ಟಿಗರಾದರೆ ಬಯಲು ಅವರದು, ಹುಕುಂ ಹೊರಡಿಸುತ್ತೇನೆ. ಇಲ್ಲದಿದ್ದರೆ ಶೆಡ್ಡು" ಎಂದರು. ಸಾಹೇಬರಿಗೆ ಅದೊಂದು ಸಂಜೆಯ ಮೋಜು. ಪೇಶ್ಕಾರರಿಗೆ ಅದೇ ಜನ್ಮದ ಪರೀಕ್ಷೆ. ಮಕ್ಕಳಿಲ್ಲದ ಆ ಮನುಷ್ಯನಿಗೆ ಸಂಜೆಯ ಆ ಬಯಲನ್ನು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಇದು ನನಗೆ ಆಗ ತಿಳಿಯಲಿಲ್ಲ, ವಯಸ್ಸಾದ ಮೇಲೆ ತಿಳಿಯಿತು.

ಆಟದ ದಿನ ಬಯಲಿನಲ್ಲಿ ಶಾಮಿಯಾನ ಎದ್ದಿತು. ಸಾಹೇಬರು ಬಂದು ಕೂತರು. ಕಮಲಾಪುರದವರು ಬಂದರು. ಗೌಡರು ಒಂದು ಬುಟ್ಟಿ ಕೆಂಪು ಬಾಳೆಹಣ್ಣು ಹೊರಿಸಿಕೊಂಡು ನಗುನಗುತ್ತಾ ಪೇಶ್ಕಾರರ ಹತ್ತಿರ ಬಂದರು. ನಾನು ಅಲ್ಲೇ ಬೇವಿನ ಮರದ ಕೆಳಗೆ ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದೆ. ಆ ಮರದ ಕಾಂಡವೇ ನಮ್ಮ ಗೋಲಿನ ಒಂದು ಕಂಬ.

"ಏನ್ರೀ ಪೇಶ್ಕಾರ್ರ, ಇವತ್ತ ನಮ್ಮ ಹುಡುಗ್ರು ಎಷ್ಟು ಕುಣದಾಡಾಕತ್ತಾವ ನೋಡ್ರಿ. ಹೋದ ಸಲ ಪಾಪ, ಕಾಲು ಕಟ್ಟಿಕೊಂಡು ಆಡಿದ್ವು. ನಾನs ಕಟ್ಟಪ್ಪಣಿ ಮಾಡಿದ್ನಿ, ಮನಿಗೆ ಬಂದ ಬೀಗರನ್ನ ಸೋಲಿಸಿ ಕಳಸೂದು ಯಾವ ಸೀಮಿ ಪದ್ಧತಿ ಅಂತ. ಒಂದ್ಯಾಕ, ಐದು ಕೊಟ್ಟು ಕಳಸ್ರಿ ಅಂದ್ನಿ. ಇವತ್ತ ನಿಮ್ಮ ಪಾಳಿ."

ಪೇಶ್ಕಾರರ ಟೋಪಿಯ ಗೊಂಡೆ ಅಲುಗಾಡಿತು. ನನ್ನ ಎದೆಯಲ್ಲಿ, ನನ್ನ ಕೀರ್ತಿ ಇಳಿಯುವ ಸದ್ದು ನನಗೇ ಕೇಳಿಸಿತು. ಗಾಳಿಯಂತೆ ಬಂದು ಚೆಂಡನ್ನು ಕೈಗೆ ಕೊಟ್ಟು ಹೋದವರ ಮುಖಗಳೆಲ್ಲ ಒಂದೊಂದಾಗಿ ನೆನಪಾದವು.

ಗೌಡರು ತಮಗೆ ಹಾಸಿದ್ದ ಜಮಖಾನೆಯ ಕಡೆ ಹೋದರು. ಆಗ ಪೇಶ್ಕಾರರು ಸುಮ್ಮನಿದ್ದುಬಿಟ್ಟಿದ್ದರೆ ನಾವು ಸಲೀಸಾಗಿ ಗೆಲ್ಲುತ್ತಿದ್ದೆವು. ಕಮಲಾಪುರದವರು ಮುಯ್ಯಿ ಬಂದೇ ಬರುತ್ತದೆಂದು ಆರಾಮಾಗಿ ಆಡುವವರು. ಅವರಿಗೆ ಅರ್ಥವಾಗುವಷ್ಟರಲ್ಲಿ ಶರಣಪ್ಪ ನಾಲ್ಕು ಹೊಡೆದಿರುತ್ತಿದ್ದ. ಬಯಲು ನಮ್ಮದಾಗುತ್ತಿತ್ತು. ಇದನ್ನು ನಾನು ಲೆಕ್ಕ ಹಾಕಿದ್ದೆ. ಅವರೂ ಹಾಕಿರಬೇಕು, ಕಚೇರಿಯಲ್ಲಿ ಪಳಗಿದ ತಲೆಯಲ್ಲವೇ. ಶಾಮಿಯಾನದ ಕಡೆ ಒಮ್ಮೆ, ಗೌಡರ ಬೆನ್ನಿನ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಹತ್ತಿರ ಬಂದರು.

"ಕೇಳಿದ್ಯಾ?"

"ಕೇಳಿದ್ನಿರಿ."

"ಆರು ಬಿಡು."

"ಏನಂದ್ರಿ?"

"ಐದು ಕೊಟ್ಟಾರ. ಬರೋಬ್ಬರಿ ಕೊಡೂದು ಛಲೋ ಅಲ್ಲ. ಒಂದು ಮ್ಯಾಲ ಹಾಕಿ ಕೊಡು."

"ಸಾಹೇಬ್ರು ಕುಂತಾರಲ್ರೀ! ಬಯಲು ಹೋಗ್ತದ."

"ಹೋಗ್ತದ." ಬೆತ್ತದ ತುದಿಯಿಂದ ಮಣ್ಣು ಕೆದಕಿದರು. "ಅವರು ತಮ್ಮೂರಾಗ, ತಮ್ಮ ಮಂದಿ ಮುಂದ ತಲಿ ತಗ್ಗಿಸಿ ಕೊಟ್ಟಾರ. ನಾ ತಿರುಗಿಸ್ತೀನಿ ಅಂತ ಮಾತು ಕೊಟ್ಟೀನಿ."

"ನಿಮಗ ಗೊತ್ತಿರಲಿಲ್ಲಲ್ರೀ, ಶಲ್ಯದ ಮಾತು ಅಂತ ತಿಳಿದಿದ್ರಿ."

"ಗೊತ್ತಿಲ್ದ ಕೊಟ್ಟ ಮಾತು ಮಾತಲ್ಲೇನು?"

ಉಳಿದ ಹುಡುಗರಿಗೆ ಹೇಳಲೇ ಎಂದು ಕೇಳಿದೆ. ಅವರು ಥಟ್ಟನೆ ನನ್ನ ಮುಂಗೈ ಹಿಡಿದರು. "ಹೇಳಬ್ಯಾಡ. ಯಾವತ್ತೂ ಹೇಳಬ್ಯಾಡ. ಐದು ಹೊಡದೀವಿ ಅಂತ ಊರ ತುಂಬ ಎದಿ ಉಬ್ಬಿಸಿ ತಿರುಗಾಡಾಕತ್ತಾರ. ಅದನ್ನ ಕಸಗೋಬ್ಯಾಡ."

"ಮತ್ತ ನನ್ನದೇನ್ರೀ?"

ಅವರು ಸೀಟಿ ಬಾಯಿಗಿಟ್ಟು ಊದಿದರು.

ಆ ಸಂಜೆಯ ಆಟವನ್ನು ನಾನು ವರ್ಣಿಸಲಾರೆ. ಬರುವ ಚೆಂಡನ್ನು ಹಿಡಿಯುವುದು ಸುಲಭ. ಹಿಡಿಯಲು ಹೋಗಿ ಸಿಗಲಿಲ್ಲ ಎಂದು ತೋರಿಸುವುದು ಬಲು ಕಷ್ಟದ ವಿದ್ಯೆ, ಅದನ್ನು ಯಾರೂ ನನಗೆ ಕಲಿಸಿರಲಿಲ್ಲ. ಒಂದಕ್ಕೆ ಎಡಕ್ಕೆ ಬಿದ್ದೆ, ಚೆಂಡು ಬಲಕ್ಕೆ ಹೋಯಿತು. ಒಂದನ್ನು ಹಿಡಿದು ಕೈಬಿಟ್ಟೆ. ಮೂರನೆಯದಕ್ಕೆ ಶಾಮಿಯಾನದಲ್ಲಿ ನಗೆ ಎದ್ದಿತು. ಶರಣಪ್ಪ ಅಲ್ಲಿಂದಲೇ ನನ್ನ ವಂಶವನ್ನೆಲ್ಲ ನೆನೆದು ಬೈದ. ಅವನು ಸಿಟ್ಟಿನಿಂದ ಒಬ್ಬನೇ ಚೆಂಡು ಒಯ್ದು ಎರಡು ಸಲ ಗೋಲು ಹೊಡೆದ. ಎರಡು ಸಲವೂ ಸೀಟಿ ಕೇಳಿತು. "ಊಟಕ್ಕ ಮೊದಲs ಕುಂತ್ಯಾ!" ಅವನು ಕುಂತಿರಲಿಲ್ಲ. ಎದುರಿಗೆ ಮೂವರನ್ನು ದಾಟಿಕೊಂಡು ಹೋಗಿದ್ದ. ಅನ್ಯಾಯವನ್ನು ಅಷ್ಟು ನೆಟ್ಟಗೆ ನಿಂತು, ಶೇರವಾನಿಯ ಒಂದು ಗುಂಡಿಯೂ ಸಡಿಲಾಗದಂತೆ ಮಾಡಿದವರನ್ನು ನಾನು ಮತ್ತೆ ನೋಡಿಲ್ಲ.

ಆರನೆಯದು ಹೋದ ಮೇಲೆ ಅವರು ಆಟ ಮುಗಿಸಿದರು. ಗೌಡರು ಎದ್ದು ನಿಂತು, "ಒಂದು ಹೆಚ್ಚs ಆತಲ್ರೀ, ಯಾಕ ಇಷ್ಟು ತ್ರಾಸು ತಗೊಂಡ್ರಿ!" ಎಂದು ಕಣ್ಣರಳಿಸಿ ಪೇಶ್ಕಾರರ ಎರಡೂ ಕೈ ಹಿಡಿದರು. ಬಯಲಿನ ಮಾತು ಅವರ ಕಿವಿಗೆ ಬೀಳದಂತೆ ಪೇಶ್ಕಾರರು ಅವರನ್ನು ಬೇಗ ಬೇಗ ಫಲಾಹಾರಕ್ಕೆ ಕಳಿಸಿದರು.

ಸಾಹೇಬರು ಹೊರಡಲು ಎದ್ದು, ಬೆರಳಿನಿಂದ ನನ್ನನ್ನು ತೋರಿಸಿದರು. ಈ ಹುಡುಗ ಯಾರ ಮಗ, ಇವನನ್ನು ಗೋಲಿನಲ್ಲಿ ಯಾರು ನಿಲ್ಲಿಸಿದರು, ಎದುರಿನವರಿಂದ ಏನಾದರೂ ತಿಂದಿದ್ದಾನೋ ಹೇಗೆ, ನಾಳೆ ಕಚೇರಿಗೆ ಇವನ ಅಪ್ಪನನ್ನು ಕರೆಸು ಎಂದರು. ನಮ್ಮಪ್ಪನಿಗೆ ಬಜಾರಿನಲ್ಲಿ ಸಣ್ಣ ಕಿರಾಣಿ ಅಂಗಡಿ. ಕಚೇರಿಯ ಕರೆ ಎಂದರೆ ಆತ ಊರು ಬಿಡುವವನು.

ಪೇಶ್ಕಾರರು ಟೋಪಿ ತೆಗೆದರು. ಅವರ ಬರಿದಲೆಯನ್ನು ನಾನು ನೋಡಿದ್ದು ಆಗಲೇ. ಬೆವರಿಗೆ ವಿಭೂತಿ ಕರಗಿ ಹುಬ್ಬಿಗೆ ಇಳಿದಿತ್ತು. "ಹುಜೂರ್, ಹುಡುಗನ ತಪ್ಪಿಲ್ಲ. ಎಲ್ಲಾ ತಪ್ಪು ನಂದು. ಅವಗ ನಾನs ತಪ್ಪು ಕಲಿಸೀನಿ" ಎಂದರು. ಉರ್ದುವಿನಲ್ಲಿ ಹೇಳಿದರು, ಆದರೆ ಆ ಭಾರದ ಉರ್ದು ಅಲ್ಲ. ಅಂದು ಬಜಾರಿನ ಯಾವ ಕೂಲಿಯವನಿಗಾದರೂ ಅರ್ಥವಾಗುತ್ತಿತ್ತು.

ಸಾಹೇಬರು ನಕ್ಕರು. ಇನ್ನು ಮೇಲೆ ಕಾಗದ ನೋಡಿಕೊಂಡಿರು, ಚೆಂಡು ನಿನ್ನ ಕೆಲಸವಲ್ಲ ಎಂದು ಮೋಟಾರು ಹತ್ತಿದರು. ಹದಿನೈದು ದಿನದೊಳಗೆ ಬೇವಿನ ಮರ ಬಿತ್ತು, ಶೆಡ್ಡು ಎದ್ದಿತು. ಪೇಶ್ಕಾರರು ದಿನವೂ ಅದರ ಮುಂದೆಯೇ ಕಚೇರಿಗೆ ಹೋಗಿಬರಬೇಕಿತ್ತು. ಸಂಜೆ ನಮ್ಮನ್ನು ಶರಣಸಿರಸಗಿಯ ಕಡೆ ಬೆಳೆ ಕೊಯ್ದ ಹೊಲಗಳಿಗೆ ಕರೆದೊಯ್ಯತೊಡಗಿದರು. ಜೋಳದ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಬಿತ್ತನೆ ಶುರುವಾದರೆ ಆಟ ಬಂದ್.

ನನ್ನ ಋಣ ಅವರ ಮೇಲಿದೆಯೆಂದು ಅವರು ಮುಂದೆ ನನ್ನನ್ನು ಮೆತ್ತಗೆ ನೋಡಿಕೊಂಡರು ಎಂದುಕೊಂಡರೆ ಅದು ನಿಮ್ಮ ತಪ್ಪು. ಹುಡುಗರು ನನ್ನನ್ನು "ಆರ್‌ಗೋಲ್" ಎಂದು ಕರೆಯುವಾಗ ಅವರೂ ಕೂಡಿ ನಗುತ್ತಿದ್ದರು. "ಅವತ್ತ ಇಂವಾ ಕೈಗೆ ಬೆಣ್ಣಿ ಹಚಗೊಂಡು ಬಂದಿದ್ದ" ಎಂದು ತಾವೇ ಎತ್ತಿಕೊಡುತ್ತಿದ್ದರು. ನನ್ನ ಮದುವೆಯಲ್ಲಿ, ಬೀಗರ ಮುಂದೆಯೇ, ಹುಡುಗಿಯ ಕೈ ಆದರೂ ಗಟ್ಟಿಯಾಗಿ ಹಿಡಿ ಎಂದರು. ಪಂಗ್ತಿಗೆ ಪಂಗ್ತಿಯೇ ನಕ್ಕಿತು. ಒಬ್ಬರೇ ಸಿಕ್ಕಾಗಲಾದರೂ ಒಂದು ಮಾತು ಆಡುತ್ತಾರೆಂದು ಕಾದೆ. ಆಡಲಿಲ್ಲ. ಮುಂದೆ ನಿಜಾಮರೂ ಹೋದರು, ಪೇಶ್ಕಾರಿಕೆಯೂ ಹೋಯಿತು. ಅವರು ಮಾತ್ರ ಆ ವಿಷಯಕ್ಕೆ ತುಟಿ ತೆರೆಯಲಿಲ್ಲ.

ಅವರು ತೀರಿಕೊಂಡ ದಿನ ಹೋದೆ. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ವಿಭೂತಿ, ಹೂವಿನ ಹಾರ. ಅಂಗಳದ ತುಂಬ ಜನ. ಶರಣಪ್ಪ ಅಷ್ಟು ಹೊತ್ತಿಗೆ ಊರಿನ ದೊಡ್ಡ ಸಾಹುಕಾರ, ಹೊಟ್ಟೆ ಬಂದಿತ್ತು, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಣ್ಣೀರು ಹಾಕುತ್ತಿದ್ದ. "ಕಮಲಾಪುರದಾಗ ಮೂರು ಹೊಡದ್ನೆಪಾ, ಮೂರು. ನನ್ನ ಜೀವನದಾಗ ಅಂಥಾ ದಿನ ಮತ್ತ ಬರಲಿಲ್ಲ. ಕಲಿಸಿದವರು ಇವರು." ಆಮೇಲೆ ನನ್ನನ್ನು ಕಂಡ. ಅಳು ಅಲ್ಲಿಗೇ ನಿಂತಿತು. "ಇಗಾ, ಇವನ ಸಲುವಾಗಿ ಬಯಲು ಹೋತು. ಇವರು ಅದೇ ಕೊರಗಿನ್ಯಾಗ ಸವೆದರು. ಖರೇ ಹೇಳೋ, ಅವತ್ತ ನಿನಗೇನಾಗಿತ್ತು?"

ಅಂಗಳವೆಲ್ಲ ನನ್ನ ಕಡೆ ತಿರುಗಿತು. ಅಷ್ಟು ವರ್ಷ ನುಂಗಿದ ಮಾತು ನಾಲಿಗೆಯ ತುದಿಗೆ ಬಂತು. ಹೇಳುವವನೇ ಇದ್ದೆ. ಬೇಡವೆನ್ನಲು ಮುಂಗೈ ಹಿಡಿಯುವವರೂ ಇರಲಿಲ್ಲ. ಆದರೆ ಶರಣಪ್ಪನ ಮೊಮ್ಮಗ ಬಾಯಿ ತೆರೆದು ಅಜ್ಜನ ಮುಖವನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಕಮಲಾಪುರದ ಮೂರು ಗೋಲು ಇನ್ನೂ ಹಸಿಯಾಗಿಯೇ ಇದ್ದವು. ಪೇಶ್ಕಾರರು ಇಷ್ಟು ಕಾಲ ಏನನ್ನು ಕಾಯ್ದುಕೊಂಡು ಬಂದರು ಎಂಬುದು ನನಗೆ ಆ ಕ್ಷಣ ತಿಳಿಯಿತು. ತಿಳಿದದ್ದೇ ಅಳು ಬಂತು, ತಡೆಯಲಾಗಲಿಲ್ಲ.

"ನನ್ನs ತಪ್ಪಪಾ" ಎಂದೆ. "ಅವತ್ತ ಕೈ ಜಾರಿತು."

ಶರಣಪ್ಪ ಹೋದ ತಿಂಗಳು ತೀರಿಕೊಂಡ. ಅದಕ್ಕೇ ಈಗ ಇದನ್ನು ಬರೆದೆ. ಅವನ ಮೊಮ್ಮಕ್ಕಳೆಲ್ಲ ಇಂಗ್ಲಿಷ್ ಶಾಲೆಯವರು, ಕನ್ನಡ ಓದುವುದಿಲ್ಲ. ಓದದೇ ಇರಲಿ ಎಂದು ಒಬ್ಬ ಕನ್ನಡ ಬರಹಗಾರ ಬಯಸುವುದು ಇದೊಂದೇ ಸಲ ಇರಬೇಕು.